ನೆರಳು ಬುಡ ಸೇರಿದ ಹೊತ್ತು

ಬೆಳಗಿನ ಜಾವ 5.20. ಚಪ್ಪಲಿ ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ ಬನ್ನಿ. ತಾರಸಿಯ ಗಾರೆ ಈಗ ಅಂಗಾಲಿಗೆ ತಣ್ಣಗೆ ತಾಕುತ್ತದೆ. ಇನ್ನು ಏಳು ಗಂಟೆ ಕಳೆದರೆ ಇದೇ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ತುಮಕೂರಿನ ಶೆಟ್ಟಿಹಳ್ಳಿ ಪೂರ್ತಿ ಎದ್ದಿಲ್ಲ. ರೈಲು ಹಳಿಯ ಕಡೆಯಿಂದ ಉದ್ದನೆಯ ಒಂದು ಹಾರ್ನ್, ಪಕ್ಕದ ರಸ್ತೆಯಲ್ಲಿ ಹಾಲಿನ ಗಾಡಿಯ ಕ್ರೇಟುಗಳ ಸದ್ದು, ಯಾರದೋ ಮನೆ ಮುಂದೆ ಪೊರಕೆ. ಇವತ್ತು 2025ರ ಏಪ್ರಿಲ್ 25, ಶುಕ್ರವಾರ.

ಪೂರ್ವಕ್ಕೆ ತಿರುಗಿ. ನೀರಿನ ಟ್ಯಾಂಕುಗಳ ಸಾಲಿನ ಮೇಲೆ ಮೂರು ಬೆಳಕು ಕಾಣುತ್ತವೆ. ಥಳಥಳ ಹೊಳೆಯುವುದು ಶುಕ್ರ, ನಮ್ಮಮ್ಮನ ಬಾಯಲ್ಲಿ ಬೆಳ್ಳಿ. ಅದರ ಹತ್ತಿರ, ಹುಡುಕಿದರೆ ಮಾತ್ರ ಸಿಗುವ ಮಂಕು ಚುಕ್ಕೆ ಶನಿ. ಅವೆರಡರ ಜೊತೆಗೆ ಕತ್ತರಿಸಿದ ಉಗುರಿನಂಥ ಚಂದ್ರ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ, ಮೂರೂ ಅದರ ಮರೆಗೆ ಹೋಗುತ್ತವೆ. ನಿದ್ದೆಗಣ್ಣಲ್ಲೇ ಬಂದಿರುವ ನನ್ನ ಮಗಳು ಮುಷ್ಟಿ ಹಿಡಿಯುತ್ತಾಳೆ, ಬಿಡುತ್ತಾಳೆ, ಮತ್ತೆ ಹಿಡಿಯುತ್ತಾಳೆ.

"ಇವತ್ತು ದ್ವಾದಶಿ ಕಣೆ, ನಾಡಿದ್ದು ಅಮಾವಾಸ್ಯೆ" ಎನ್ನುತ್ತಾಳೆ ಅಮ್ಮ. ತಾರಸಿಯ ಮೂಲೆಯಲ್ಲಿ ಒಣಹಾಕಿದ ಹಪ್ಪಳದ ಬಟ್ಟೆ ಮಡಿಸುತ್ತಿದ್ದಾಳೆ, ಆಕಾಶದ ಕಡೆ ನೋಡಿಯೂ ಇಲ್ಲ. ಆ ದ್ವಾದಶಿ ಎಂಬ ಮಾತಿನಲ್ಲಿ ಒಂದು ಅಳತೆಯಿದೆ. ಚಂದ್ರನಿಗೂ ಸೂರ್ಯನಿಗೂ ನಡುವಿನ ಅಂತರ 12 ಡಿಗ್ರಿ ಬದಲಾದರೆ ಒಂದು ತಿಥಿ. ಬಹುಳ ದ್ವಾದಶಿ ಎಂದರೆ ಚಂದ್ರ ಸೂರ್ಯನಿಂದ 36ರಿಂದ 48 ಡಿಗ್ರಿಯೊಳಗೆ ಇದ್ದಾನೆ, ದಿನದಿನಕ್ಕೂ ಅವನ ಕಡೆಗೇ ಸರಿಯುತ್ತಿದ್ದಾನೆ ಎಂದರ್ಥ. ಕೋನಮಾಪಕ ಮುಟ್ಟದ ಅಮ್ಮನಿಗೆ ಗೋಡೆಯ ಕ್ಯಾಲೆಂಡರ್ ಪ್ರತಿದಿನ ಆ ಕೋನವನ್ನು ಹೇಳುತ್ತಲೇ ಬಂದಿದೆ.

ಈಗ ಆ ಉಗುರನ್ನು ಸರಿಯಾಗಿ ನೋಡಿ. ಬೆಳಗಿರುವುದು ಅದರ ಎಡಗಡೆಯ ಕೆಳ ಅಂಚು. ಬೆಳಗಿದ ಅಂಚು ಯಾವ ಕಡೆಗೆ ಮುಖ ಮಾಡಿದೆಯೋ ಸೂರ್ಯ ಆ ಕಡೆಗಿರಲೇಬೇಕು. ಮಗಳು ಬೆರಳಿಂದ ಗಾಳಿಯಲ್ಲಿ ಒಂದು ಗೆರೆ ಎಳೆಯುತ್ತಾಳೆ, ಚಂದ್ರನಿಂದ ಕೆಳಕ್ಕೆ, ಎಡಕ್ಕೆ, ಟ್ಯಾಂಕುಗಳನ್ನೂ ದಾಟಿ. ಬೆರಳು ನಿಂತದ್ದು ದೇವರಾಯನದುರ್ಗದ ದಿಕ್ಕಿನಲ್ಲಿ. "ಅಲ್ಲಿ ಹುಟ್ಟೋದು" ಎನ್ನುತ್ತಾಳೆ. 6 ಗಂಟೆ 3 ನಿಮಿಷಕ್ಕೆ ಅಲ್ಲೇ ಹುಟ್ಟುತ್ತದೆ. ಅದಕ್ಕಿನ್ನೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ ಸಮಯವಿದೆ, ಚಂದ್ರನನ್ನು ಬಿಟ್ಟು ಹೋಗಬೇಡಿ.

ಉಗುರಿನ ಒಳಗಡೆ, ಕತ್ತಲಾಗಿರಬೇಕಾದ ಜಾಗದಲ್ಲಿ, ಬೂದಿ ಬಣ್ಣದ ಇಡೀ ಬಿಲ್ಲೆ ಕಾಣುತ್ತಿದೆಯೇ? ಕಣ್ಣು ಸ್ವಲ್ಪ ಹೊಂದಿಕೊಳ್ಳಲಿ. ಕಂಡಿತಲ್ಲ. ಅದನ್ನು ಬೆಳಗುತ್ತಿರುವವರು ನಾವು. ಸೂರ್ಯನ ಬೆಳಕು ಭೂಮಿಯ ಕಡಲು, ಮೋಡ, ಮಂಜಿನ ಮೇಲೆ ಬಿದ್ದು, ಅದರಲ್ಲಿ ಒಂದಿಷ್ಟು ಚಂದ್ರನತ್ತ ಚಿಮ್ಮಿ, ಅಲ್ಲಿಂದ ಮತ್ತೆ ತಿರುಗಿ ಶೆಟ್ಟಿಹಳ್ಳಿಯ ಈ ತಾರಸಿಗೆ ಬರುತ್ತಿದೆ. ಹೋಗಲು 1.3 ಸೆಕೆಂಡು, ಬರಲು ಅಷ್ಟೇ. ನಮಗೆ ಚಂದ್ರ ಅಮಾವಾಸ್ಯೆಗೆ ಹತ್ತಿರವಾದಷ್ಟೂ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹುಣ್ಣಿಮೆಗೆ ಹತ್ತಿರ. ಅದಕ್ಕೇ ಈ ಬೂದುಬೆಳಕು ಇಂಥ ಸಣ್ಣ ಚಂದ್ರನ ದಿನಗಳಲ್ಲೇ ಚೆನ್ನಾಗಿ ಕಾಣುವುದು.

ಆ ಬೂದು ಭಾಗದಲ್ಲಿ, ದಕ್ಷಿಣದ ತುದಿಗೆ ಹತ್ತಿರ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ನಿಂತಿದೆ. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಅದು ಇಳಿದಾಗ ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಲೆಕ್ಕ ಹಾಕಿಯೇ ಬೆಳಗಿನ ಹೊತ್ತು ಇಳಿಸಿದ್ದರು, ನಮ್ಮ ಸುಮಾರು 14 ದಿನ ಬಿಸಿಲು ಸಿಗಲಿ ಎಂದು. ಆ ಒಂದು ಹಗಲು ಅದು ಕೆಲಸ ಮಾಡಿತು. ಸೆಪ್ಟೆಂಬರ್ ಮೊದಲಿಗೆ ಮಲಗಿಸಿದರು, ರಾತ್ರಿ ಕಳೆದು ಕೂಗಿದಾಗ ಏಳಲಿಲ್ಲ. ಈಗಲೂ ಅಲ್ಲಿ ರಾತ್ರಿ. ಈ ಹೊತ್ತು ವಿಕ್ರಮ್‌ನ ಮೈಮೇಲೆ ಬೀಳುತ್ತಿರುವ ಬೆಳಕೆಂದರೆ ಭೂಮಿಯದು, ಜೊತೆಗೆ ನಕ್ಷತ್ರಗಳದು. ಅದರ ನೆತ್ತಿಯಲ್ಲಿ ನಾಸಾ ಕೊಟ್ಟ ಪುಟ್ಟ ಪ್ರತಿಫಲಕವೊಂದಿದೆ, ಅದಕ್ಕೆ ವಿದ್ಯುತ್ ಬೇಕಿಲ್ಲ. ಲೇಸರ್ ಬೆಳಕು ಬಿಟ್ಟರೆ ಬಂದ ದಾರಿಯಲ್ಲೇ ತಿರುಗಿಸುತ್ತದೆ. ಇಳಿದ ಕೆಲವು ತಿಂಗಳಿಗೆ, ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆಯೊಂದು ಹಾಗೆ ಬೆಳಕು ಬಿಟ್ಟು ಉತ್ತರ ಪಡೆದೂ ಇದೆ.

ಬೆಳಕು ಹರಿಯಿತು. ಶನಿ ಮೊದಲು ಕರಗಿತು, ಬೆಳ್ಳಿ ಕೊನೆಗೆ. ಕೆಳಗೆ ಹೋಗಿ ಕಾಫಿ ಕುಡಿಯೋಣ. ಮಧ್ಯಾಹ್ನಕ್ಕೆ ಮತ್ತೆ ಬರಬೇಕು. ಇವತ್ತು ನಮ್ಮೂರಿಗೆ ಶೂನ್ಯ ನೆರಳಿನ ದಿನ, ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆಟ್ಟಗೆ ನಿಂತದ್ದರ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಈಗ 11.40. ತಾರಸಿ ಕಾದಿದೆ, ಈ ಸಲ ಚಪ್ಪಲಿ ಹಾಕಿಕೊಂಡೇ ಬನ್ನಿ. ಸರಿಯಾಗಿ ಒಂದು ಮೀಟರ್ ಉದ್ದಕ್ಕೆ ಕೊಯ್ಸಿದ ಪಿವಿಸಿ ಪೈಪನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟರೆ ಮರಳು ಸರಿದು ಪೈಪು ವಾಲಿತು. ಕೊನೆಗೆ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ್ದೇವೆ, ಗಾರೆಯವರಂತೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೇರ ನೋಡಿದ್ದೇವೆ. ಪಕ್ಕದಲ್ಲಿ ಅಮ್ಮನ ಹಿತ್ತಾಳೆ ಬಿಂದಿಗೆ. ಸುಣ್ಣದ ಕಡ್ಡಿ, ಸ್ಕೇಲು. ಸೂರ್ಯನ ಕಡೆ ಕಣ್ಣೆತ್ತಬೇಡಿ, ನಮ್ಮ ಕೆಲಸವೆಲ್ಲ ನೆಲದ ಮೇಲೆ.

ಎದುರುಮನೆಯ ತಾತ ಮೇಲೆ ಬಂದರು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಚಕ್ರ ಕೂರಿಸಿದ ಕೈ. ಕೈಗೆ ಈಗಲೂ ಕೀ ಕೊಡುವ ವಾಚೇ. 1978ರಲ್ಲಿ ಶುರುವಾದ ಆ ಕಾರ್ಖಾನೆ 2016ರಲ್ಲಿ ಮುಚ್ಚಿತು, ಅದರ ಜಾಗ ಇಸ್ರೊ ಕೈಸೇರಿತು. ಗಡಿಯಾರ ಮಾಡುತ್ತಿದ್ದ ನೆಲ ಈಗ ರಾಕೆಟ್ಟಿನ ಕೆಲಸಕ್ಕೆ ಎಂಬುದನ್ನು ತಾತ ದುಃಖದಿಂದಲೂ ಹೇಳುತ್ತಾರೆ, ಹೆಮ್ಮೆಯಿಂದಲೂ ಹೇಳುತ್ತಾರೆ. ಎರಡೂ ನಿಜವೇ ಎಂದು ನನಗನಿಸುತ್ತದೆ.

12.00. ತಾತನ ವಾಚಿನಲ್ಲಿ ಮುಳ್ಳುಗಳೆರಡೂ ಒಂದಾಗಿವೆ. ಪೈಪಿನ ನೆರಳು ಮಾತ್ರ ಪಶ್ಚಿಮಕ್ಕೆ ಎಂಟೂವರೆ ಸೆಂಟಿಮೀಟರ್ ಚಾಚಿಕೊಂಡಿದೆ.

"ನನ್ನ ವಾಚು ಮುಂದಿದೆಯೇನೋ" ಎಂದು ತಾತ ಕಿವಿಗೆ ಹಿಡಿದರು.

"ಇಲ್ಲ ತಾತ, ಊರೇ ಹಿಂದಿರೋದು" ಎಂದಳು ಮಗಳು.

ಅವಳ ಮಾತು ಸರಿ. ದೇಶಕ್ಕೆಲ್ಲ ಒಂದೇ ಸಮಯ ಇರಲೆಂದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶವನ್ನು ಆಧಾರ ಮಾಡಿಕೊಂಡಿದ್ದೇವೆ. ತುಮಕೂರು ಇರುವುದು 77.1ರ ಹತ್ತಿರ. ಭೂಮಿಗೆ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಸೂರ್ಯ ಆ ಗೆರೆಯಿಂದ ನಮ್ಮ ನೆತ್ತಿಗೆ ಬರಲು 21 ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಭೂಮಿಯ ಹಾದಿ ಪೂರ್ಣ ವೃತ್ತವಲ್ಲ, ಅಕ್ಷವೂ ವಾಲಿದೆ. ಅವೆರಡರಿಂದ ಏಪ್ರಿಲ್ ಕೊನೆಗೆ ಸುಮಾರು ಎರಡು ನಿಮಿಷ ಕಳೆಯಬೇಕು. ಉಳಿಯುವುದು 12.20ರ ಆಸುಪಾಸು. ಶೆಟ್ಟಿಹಳ್ಳಿಯ ನಿಜವಾದ ಮಧ್ಯಾಹ್ನ ಅದು.

"ಇಷ್ಟು ವರ್ಷ ಬೇರೆ ಊರಿನ ಮಧ್ಯಾಹ್ನಕ್ಕೆ ಊಟದ ಡಬ್ಬಿ ಬಿಚ್ಚಿದ್ದೇನಲ್ಲಮ್ಮ" ಎಂದರು ತಾತ, ನಿಜಕ್ಕೂ ಅಚ್ಚರಿಯಿಂದ.

ಅಷ್ಟರಲ್ಲಿ ಫೋನು ಮಿನುಗಿತು. ಕೆ. ಕಸ್ತೂರಿರಂಗನ್ ತೀರಿಕೊಂಡರು. ಬೆಂಗಳೂರಿನಲ್ಲಿ, ಇವತ್ತೇ ಬೆಳಿಗ್ಗೆ. 84 ವರ್ಷ.

ಸುಣ್ಣದ ಕಡ್ಡಿ ಕೈಯಲ್ಲೇ ಉಳಿಯಿತು. 1994ರಿಂದ 2003ರವರೆಗೆ ಇಸ್ರೊ ಅಧ್ಯಕ್ಷರಾಗಿದ್ದವರು. ಅದಕ್ಕೂ ಮೊದಲು ಭಾಸ್ಕರ ಉಪಗ್ರಹಗಳ ಯೋಜನೆ ನಡೆಸಿದವರು. ಓದಿದ್ದು ಖಗೋಳ ಭೌತವಿಜ್ಞಾನ, ಆಕಾಶದಿಂದ ಬರುವ ಹೆಚ್ಚು ಶಕ್ತಿಯ ಕಿರಣಗಳ ಬಗ್ಗೆ. ಉಪಗ್ರಹ ಎಂದರೆ ಹವಾಮಾನ, ದೂರದರ್ಶನ, ಬೆಳೆ ಸಮೀಕ್ಷೆ ಎಂದಷ್ಟೇ ದೇಶ ಯೋಚಿಸುತ್ತಿದ್ದ ಕಾಲದಲ್ಲಿ ಚಂದ್ರನಿಗೆ ಹೋಗುವ ಮಾತನ್ನು ಮುಂದಿಟ್ಟು ಗಟ್ಟಿಮಾಡಿದವರಲ್ಲಿ ಅವರು ಮುಖ್ಯರು. 2003ರ ಆಗಸ್ಟ್ 15ರಂದು ಪ್ರಧಾನಿ ವಾಜಪೇಯಿ ಕೆಂಪುಕೋಟೆಯಿಂದ ಚಂದ್ರಯಾನವನ್ನು ಘೋಷಿಸಿದರು. ಅದೇ ತಿಂಗಳು ಕಸ್ತೂರಿರಂಗನ್ ಹುದ್ದೆಯಿಂದಿಳಿದರು. 2008ರ ಅಕ್ಟೋಬರ್ 22ರಂದು ಮೊದಲ ಚಂದ್ರಯಾನ ಹೊರಟಿತು. ಮರುವರ್ಷ ಅದರಲ್ಲಿದ್ದ ಉಪಕರಣದಿಂದಲೇ ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಗುರುತು ಸಿಕ್ಕಿತು. ಆ ಹಾದಿಯ ಕೊನೆಗೆ ವಿಕ್ರಮ್ ಇಳಿದ ಸಂಜೆ ವಿಜ್ಞಾನಿಗಳು ಕೂತಿದ್ದ ಕೋಣೆ ಇರುವುದು ಪೀಣ್ಯದಲ್ಲಿ. ತುಮಕೂರಿನಿಂದ ದಿನವೂ ಬೆಂಗಳೂರಿಗೆ ಓಡಾಡುವ ಸಾವಿರಾರು ಜನ ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಾ ದಾಟುವ ಪೀಣ್ಯ.

ಬೆಳಿಗ್ಗೆ ನೋಡಿದ ಬೂದುಬೆಳಕು ನೆನಪಾಯಿತು. ಅದನ್ನು ನೋಡಿದ ದಿನವೇ ಈ ಸುದ್ದಿ ಬಂತಲ್ಲ ಎಂದು ಗಂಟಲು ಕಟ್ಟಿತು. ತಾತ ವಾಚು ನೋಡಿದರು, ಏನೂ ಹೇಳದೆ ಮಗಳ ಕೈಗೆ ಸ್ಕೇಲು ಕೊಟ್ಟರು.

12.10. ನೆರಳು ನಾಲ್ಕು ಸೆಂಟಿಮೀಟರ್ ಚಿಲ್ಲರೆ. ನಿಮಿಷಕ್ಕೆ ನಾಲ್ಕು ಮಿಲಿಮೀಟರಿನಷ್ಟು ಒಳಗೆ ಬರುತ್ತಿದೆ. ಬಗ್ಗಿ ನೋಡಿ, ನೆರಳಿನ ತುದಿ ಹರಿತವಾಗಿಲ್ಲ, ಹಿಂಜಿದ ಅರಳೆಯ ಹಾಗಿದೆ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ, ಅದಕ್ಕೇ ಒಂದು ಮೀಟರ್ ಎತ್ತರದ ಪೈಪಿನ ತುದಿ ನೆಲಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂಬತ್ತು ಮಿಲಿಮೀಟರ್ ಮಸುಕಾಗುತ್ತದೆ. ಇದೇ ಅರ್ಧ ಡಿಗ್ರಿ ಚಂದ್ರನದೂ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಸುಮಾರು 400 ಪಟ್ಟು ದೂರ. ಎರಡೂ ನಮ್ಮ ಕಣ್ಣಿಗೆ ಒಂದೇ ಗಾತ್ರ.

12.15. ಅಮ್ಮನೂ ಬಂದಳು, ಸೆರಗು ತಲೆಗೆ. "ನಿನ್ನೆ ಕುಣಿಗಲ್‌ನಲ್ಲಿ ಆಯ್ತಂತೆ?" ಎಂದು ಕೇಳುತ್ತಾಳೆ. ಹೌದು. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ನೆತ್ತಿಯ ಸೂರ್ಯ ಮಕರ ಸಂಕ್ರಾಂತಿ ವೃತ್ತದಿಂದ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೆ ಆರು ತಿಂಗಳು ಉತ್ತರಕ್ಕೆ ನಡೆಯುತ್ತಾನೆ, ಆರು ತಿಂಗಳು ದಕ್ಷಿಣಕ್ಕೆ. ಆ ಎಲ್ಲೆಯಾಚೆಯ ದೆಹಲಿಗೆ ಇಂಥ ದಿನವೇ ಇಲ್ಲ. ನಮಗೆ ವರ್ಷಕ್ಕೆ ಎರಡು. ಏಪ್ರಿಲ್ ಕೊನೆಯಲ್ಲಿ ಅವನ ನಡಿಗೆ ದಿನಕ್ಕೆ ಸುಮಾರು 36 ಕಿ.ಮೀ. ನಿನ್ನೆ ಬೆಂಗಳೂರು, ಕುಣಿಗಲ್ ಸಾಲಿನ ಮೇಲಿದ್ದ. ಇವತ್ತು ಗುಬ್ಬಿ, ತುಮಕೂರು. ನಾಳೆ ಶಿರಾ ಕಡೆಗೆ. ನಿನ್ನೆ ನಮ್ಮ ಪೈಪಿಗೆ ಆರೇಳು ಮಿಲಿಮೀಟರ್ ನೆರಳು ಉತ್ತರಕ್ಕೆ ಉಳಿಯುತ್ತಿತ್ತು. ಬಿಂದಿಗೆಗಾದರೆ ಆ ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ.

ಅಮ್ಮನಿಗೆ ಈ ನಡಿಗೆ ಬೇರೆ ಹೆಸರಲ್ಲಿ ಗೊತ್ತು. ಸೂರ್ಯ ಈಗ ಅಶ್ವಿನಿ ನಕ್ಷತ್ರದಲ್ಲಿದ್ದಾನೆ, ಎರಡು ದಿನಕ್ಕೆ ಭರಣಿ ಹುಟ್ಟುತ್ತದೆ. 27 ನಕ್ಷತ್ರ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಅಶ್ವಿನಿ ಮಳೆ, ಭರಣಿ ಮಳೆ ಎಂದು ರಾಗಿ ಬೆಳೆಯುವವರು ಎಣಿಸುವುದು ಮಳೆಯನ್ನಲ್ಲ, ಸೂರ್ಯನ ಜಾಗವನ್ನು. ಹಗಲಿನ ಬೆಳಕಲ್ಲಿ ಆ ನಕ್ಷತ್ರಗಳು ಕಾಣುವುದಿಲ್ಲ, ಆದರೂ ಸೂರ್ಯನ ಬೆನ್ನ ಹಿಂದೆ ಯಾವುದಿದೆಯೆಂದು ಜನಕ್ಕೆ ಗೊತ್ತು. ನೆತ್ತಿಯ ಮೇಲೆ, ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, 15 ಲಕ್ಷ ಕಿ.ಮೀ. ದೂರದಲ್ಲಿ ನಮ್ಮ ಆದಿತ್ಯ ಎಲ್1 ಇದೆ. ಸೂರ್ಯನ ಹೊರಗವಚ ನೋಡುವ ಅದರ ದೊಡ್ಡ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯವರ ಕೈಯಲ್ಲಿ.

12.18. ಯಾರೂ ಮಾತಾಡುತ್ತಿಲ್ಲ. ನೆರಳು ಪೈಪಿನ ಬುಡದ ಸುತ್ತ ಒಂದು ಕಪ್ಪು ಅಂಚಾಗಿದೆ.

12.19.

ಬಿಂದಿಗೆಯ ನೆರಳು ಅದರ ಹೊಟ್ಟೆಯಡಿ ಸುತ್ತಲೂ ಸಮನಾಗಿ ಅಡಗಿದೆ. ಕಟ್ಟೆಗೋಡೆಯ ಎರಡೂ ಮೈಗೆ ಬಿಸಿಲು. ಮಗಳು ನೆಟ್ಟಗೆ ನಿಂತಿದ್ದಾಳೆ, ಅವಳ ನೆರಳು ಅವಳ ಕಾಲಡಿಯ ಒಂದು ಕೊಳ, ಭುಜದಷ್ಟೇ ಅಗಲ. ತಾತ ಪೈಪಿನೊಳಕ್ಕೆ ಬಗ್ಗಿ ನೋಡಿ, "ತಳದಲ್ಲಿ ಬಿಸಿಲು ಬಿದ್ದಿದೆ, ತಳದಲ್ಲಿ!" ಎಂದು ಕೂಗಿದರು. ನೀವೂ ಬಗ್ಗಿ. ಹಲಗೆಯ ಮೇಲೆ, ಪೈಪಿನೊಳಗೆ, ರೂಪಾಯಿಯಷ್ಟು ದುಂಡನೆಯ ಬಿಸಿಲು. ಇಷ್ಟು ಹೊತ್ತು ಪುಸ್ತಕದಲ್ಲಿದ್ದ 13 ಡಿಗ್ರಿ ಚಿಲ್ಲರೆ ಅಕ್ಷಾಂಶ ಈಗ ನಮ್ಮ ತಾರಸಿಯ ಮೇಲೆ ಬಿದ್ದಿದೆ.

ಮೂರು ನಿಮಿಷವೂ ಇರಲಿಲ್ಲ. 12.22ಕ್ಕೆ ಬಿಸಿಲಿನ ರೂಪಾಯಿ ಒಂದು ಕಡೆ ಸವೆಯಿತು, ಪೂರ್ವಕ್ಕೆ ನೆರಳು ಇಣುಕಿತು. ಮಗಳು ಅಲ್ಲೊಂದು ಸುಣ್ಣದ ಗೆರೆ ಎಳೆದಳು. ತಾತ ವಾಚಿಗೆ ಕೀ ಕೊಟ್ಟುಕೊಂಡು ಊಟಕ್ಕೆ ಇಳಿದರು, ಮೆಟ್ಟಿಲ ಮೇಲೆ ನಿಂತು ಕೇಳಿದರು: "ಮತ್ತೆ ಯಾವಾಗ ಪುಟ್ಟಿ?"

"ಆಗಸ್ಟ್ 17, ತಾತ. ಸೂರ್ಯ ವಾಪಸ್ ಬರ್ತಾನಲ್ಲ, ಆಗ."

"ಅವತ್ತಿಗೆ ಮಘೆ ಮಳೆ ಹುಟ್ಟಿರುತ್ತೆ" ಎಂದಳು ಅಮ್ಮ ಬಿಂದಿಗೆ ಸೊಂಟಕ್ಕೇರಿಸಿಕೊಳ್ಳುತ್ತಾ. "ಮೋಡದಲ್ಲಿ ಎಲ್ಲಿ ನೆರಳು ನೋಡ್ತೀಯ?"

ಮಗಳು ಆಗಲೇ ಟ್ಯಾಂಕಿನ ಗೋಡೆಯ ಮೇಲೆ ತಾರೀಕು ಬರೆದಿದ್ದಳು. ಅಜ್ಜಿಯ ಮಾತು ಕೇಳಿ ಒಂದು ಗಳಿಗೆ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಮೋಡ ಇಲ್ಲದಿದ್ದರೆ.