ಧಾತುಸೇನನ ನೀರಿನ ಹಾದಿ

ಶ್ರೀಲಂಕೆಯ ಒಳನಾಡಿನ ದಂಬುಲ್ಲ ಪೇಟೆಯಿಂದ ಹೊರಡುವ ಪ್ರವಾಸಿಗಳ ವಾಹನಗಳಲ್ಲಿ ಬಹುಪಾಲು ಪೂರ್ವಕ್ಕೆ, ಸಿಗಿರಿಯದ ಕಡೆಗೆ ತಿರುಗುತ್ತವೆ. ಹೆಬ್ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡು ಬಾಳಿದ ಕಾಶ್ಯಪ ಮಹಾರಾಜನ ವೈಭವವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಯಾರಿಗೆ ತಾನೆ ಇರುವುದಿಲ್ಲ? ಆದರೆ ಅದೇ ಪೇಟೆಯಿಂದ ವಾಯುವ್ಯಕ್ಕೆ ಹೋದರೆ ಆ ಕಾಶ್ಯಪನ ತಂದೆ ಧಾತುಸೇನ ಕಟ್ಟಿಸಿದ ಕೆರೆಯೊಂದಿದೆ. ಆ ಕೆರೆಯಿಂದ ಹೊರಟು ಪುರಾತನ ರಾಜಧಾನಿಯಾದ ಅನುರಾಧಪುರದವರೆಗೆ 87 ಕಿಲೋಮೀಟರ್ ಹರಿಯುವ ಕಾಲುವೆಯೊಂದಿದೆ. ಮಗನ ಬಂಡೆಯನ್ನು ಏರಲು ಮೆಟ್ಟಿಲುಗಳುಂಟು. ತಂದೆಯ ಕಾಲುವೆಯನ್ನು ಕಾಣಬೇಕಾದರೆ ಸೈಕಲ್ಲೇ ತಕ್ಕ ವಾಹನ.

ಇಂಥ ಹಾದಿಗೆಂದೇ ಈಚಿನ ವರ್ಷಗಳಲ್ಲಿ ಒಂದು ಜಾತಿಯ ಸೈಕಲ್ ಬಳಕೆಗೆ ಬಂದಿದೆ. ‘ಗ್ರಾವೆಲ್ ಬೈಕ್’ ಎಂದು ಅದರ ಹೆಸರು. ಪಂದ್ಯದ ಸೈಕಲ್ಲಿನಂತೆ ಬಾಗಿದ ಹಿಡಿ. ಆದರೆ ಟೈರು ಮಾತ್ರ ದಪ್ಪ, 40 ಮಿಲಿಮೀಟರಿನ ಆಸುಪಾಸು. ಗಾಳಿಯನ್ನು ತುಸು ಕಡಿಮೆ ತುಂಬಿಸಿಕೊಂಡರೆ ಜಲ್ಲಿಯ ಮೇಲೂ ಕೆಮ್ಮಣ್ಣಿನ ಮೇಲೂ ಕೈ ನೋಯದಂತೆ ಸಾಗುತ್ತದೆ. ಹೆಸರು ಹೊಸದು, ಕಸುಬು ಹಳೆಯದು. ಹಳ್ಳಿಯ ಅಂಚೆಯವರೂ ಹಾಲಿನವರೂ ಎಷ್ಟೋ ಕಾಲದಿಂದ ಯಾವ ವಿಶೇಷ ಹೆಸರಿನ ಸಹಾಯವೂ ಇಲ್ಲದೆ ಇಂಥ ಹಾದಿಯಲ್ಲಿಯೇ ಸೈಕಲ್ ತುಳಿಯುತ್ತ ಬಂದಿದ್ದಾರೆ. ಕಾಲುವೆಯ ದಂಡೆಯ ಮೇಲೆ ಭತ್ತದ ಮೂಟೆ ಹೇರಿಕೊಂಡು ಎದುರಾಗುವ ರೈತ, ದುಬಾರಿ ಸೈಕಲ್ಲಿನ ಪರದೇಶಿಯನ್ನು ಕಂಡು ನಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆರೆಯ ಹೆಸರು ಕಲಾವೆವ. ಸಿಂಹಳದ ‘ವೆವ’ ಎಂಬುದು ‘ವಾಪಿ’ ಶಬ್ದದ ಸಂತಾನ. ಪ್ರಾಚೀನ ಪಾಲಿ ಗ್ರಂಥಗಳಲ್ಲಿ ಇದಕ್ಕೆ ಕಾಲವಾಪಿ ಎಂದೇ ಹೆಸರು. ಏರಿಯ ಮೇಲೆ ನಿಂತವನಿಗೆ ಮೊದಲು ಇದು ಕೆರೆಯೆನಿಸುವುದಿಲ್ಲ. ಸಮುದ್ರದ ತುಣುಕೊಂದು ದಾರಿ ತಪ್ಪಿ ಒಳನಾಡಿಗೆ ಬಂದಂತೆ ತೋರುತ್ತದೆ. ಐದನೆಯ ಶತಮಾನದಲ್ಲಿ ಕಟ್ಟಿದ ಈ ಜಲಾಶಯ ನಡುವೆ ಶತಮಾನಗಳ ಕಾಲ ಪಾಳುಬಿದ್ದಿತ್ತು. ಬ್ರಿಟಿಷರ ಆಳಿಕೆಯಲ್ಲಿ, 1880ರ ದಶಕದಲ್ಲಿ, ಜೀರ್ಣೋದ್ಧಾರವಾಯಿತು. 1976ರಲ್ಲಿ ಕ್ಯಾಂಡಿಯ ಬಳಿಯ ಪೊಲ್ಗೊಲ್ಲದಲ್ಲಿ ಮಹಾವೇಲಿ ನದಿಯನ್ನು ತಿರುಗಿಸಿದ ಮೇಲೆ ಆ ನೀರೂ ಬೆಟ್ಟ ಕೊರೆದ ಸುರಂಗಗಳನ್ನು ಹಾದು ಇಲ್ಲಿಗೆ ಬರತೊಡಗಿತು.

ಈ ಏರಿಗೂ ಒಂದು ಕಥೆಯುಂಟು. ಚೂಳವಂಸವೆಂಬ ಪಾಲಿ ಇತಿಹಾಸಕಾವ್ಯ ಅದನ್ನು ಹೇಳುತ್ತದೆ. ಧಾತುಸೇನನ ಅಳಿಯನೂ ಸೇನಾಪತಿಯೂ ಆದ ಮಿಗಾರ ತನ್ನ ಹೆಂಡತಿಯನ್ನು, ಎಂದರೆ ರಾಜನ ಮಗಳನ್ನು, ಚಾವಟಿಯಿಂದ ಹೊಡೆದ. ಕೋಪಗೊಂಡ ರಾಜ ಅಳಿಯನ ತಾಯಿಯನ್ನು ಸುಡಿಸಿದ. ಮಿಗಾರ ಸೇಡು ತೀರಿಸಿಕೊಳ್ಳಲು ಕಾಶ್ಯಪನನ್ನು ತಂದೆಯ ಮೇಲೆ ಎತ್ತಿಕಟ್ಟಿದ. ಸೆರೆಯಾದ ಮುದುಕನನ್ನು, ನಿಧಿಯನ್ನು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಮೇಲಿಂದ ಮೇಲೆ ಕೇಳಿದರು. ಕಾಲವಾಪಿಗೆ ಕರೆದೊಯ್ದರೆ ತೋರಿಸುವೆನೆಂದು ಅವನು ಹೇಳಿಕಳಿಸಿದ. ಗಾಡಿ ಹೊರಟಿತು. ಗಾಡಿ ಹೊಡೆಯುವವನು ಹುರಿದ ಧಾನ್ಯವನ್ನು ತಿನ್ನುತ್ತ ರಾಜನಿಗೂ ಸ್ವಲ್ಪ ಕೊಟ್ಟನಂತೆ. ಕೆರೆಯ ದಡದಲ್ಲಿ ರಾಜ ತನ್ನ ಹಳೆಯ ಗೆಳೆಯನಾದ ಭಿಕ್ಷುವನ್ನು ಕಂಡ. ನೀರಿಗಿಳಿದು ಮಿಂದ, ಕುಡಿದ. ತನ್ನ ಐಶ್ವರ್ಯವೆಲ್ಲ ಇಷ್ಟೇ ಎಂದು ಕಾವಲಿನವರಿಗೆ ಆ ನೀರನ್ನೇ ತೋರಿಸಿದ. ಸುದ್ದಿ ತಿಳಿದ ಮಗ ಕೆರಳಿದ. ಕೊನೆಗೆ ಮಿಗಾರ ರಾಜನನ್ನು ಬೆತ್ತಲೆ ಮಾಡಿ, ಸಂಕೋಲೆ ತೊಡಿಸಿ, ಗೋಡೆಗೆ ಸೇರಿಸಿ ಮಣ್ಣು ಮೆತ್ತಿಸಿದ.

ಇಷ್ಟಕ್ಕೇ ಕಥೆ ನಿಂತಿದ್ದರೆ ಧಾತುಸೇನ ನಿಷ್ಕಳಂಕ ಪುಣ್ಯಪುರುಷನಾಗಿ ಉಳಿಯುತ್ತಿದ್ದ. ಆದರೆ ಅದನ್ನು ಬರೆದ ಭಿಕ್ಷು ರಾಜನನ್ನು ಅಷ್ಟು ಸುಲಭವಾಗಿ ಬಿಟ್ಟವನಲ್ಲ. ಈ ಕೆರೆಯನ್ನು ಕಟ್ಟಿಸುವಾಗ ಏರಿಯ ಜಾಗದಲ್ಲಿ ಭಿಕ್ಷುವೊಬ್ಬ ಧ್ಯಾನಮಗ್ನನಾಗಿ ಕುಳಿತಿದ್ದ, ಎಬ್ಬಿಸಿದರೆ ಏಳಲಿಲ್ಲ, ರಾಜ ಅವನ ತಲೆಯ ಮೇಲೆ ಮಣ್ಣು ಹಾಕಿಸಿದ, ಅದರ ಫಲವನ್ನು ಹೀಗೆ ಉಂಡನೆಂದು ಗ್ರಂಥ ಹೇಳುತ್ತದೆ. ಕೆರೆಗೆ ಹಾರವಾದ ಭಾಗೀರಥಿಯ ಹಾಡನ್ನು ಕೇಳಿ ಬೆಳೆದ ಕನ್ನಡಿಗನಿಗೆ ಈ ಸಂಗತಿ ಅಪರಿಚಿತವೆನಿಸಲಾರದು. ಸಿಗಿರಿಯದಲ್ಲಿ ಕಾಶ್ಯಪನ ಕಥೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಏರಿಯ ಮೇಲೆ ಸೈಕಲ್ ನಿಲ್ಲಿಸಿದವನಿಗೆ ಅಲೆಗಳು ಕಲ್ಲಿಗೆ ಬಡಿಯುವ ಸದ್ದಷ್ಟೇ ಕೇಳಿಸುತ್ತದೆ.

ಕೆರೆಯಿಂದ ಸ್ವಲ್ಪ ದೂರದಲ್ಲಿಯೇ ಅವುಕನದ ಬುದ್ಧನಿದ್ದಾನೆ. ಸುಮಾರು 12 ಮೀಟರ್ ಎತ್ತರದ ವಿಗ್ರಹ. ಬೆನ್ನ ಹಿಂದೆ ತೆಳುವಾದ ಕಲ್ಲಿನ ಪಟ್ಟಿಯೊಂದು ಮಾತ್ರ ಅದನ್ನು ತಾಯಿಬಂಡೆಗೆ ಅಂಟಿಸಿದೆ. ಮೈಗೆ ಅಂಟಿದಂತಿರುವ ಚೀವರದ ನೆರಿಗೆಗಳು ಗಾಳಿ ಬೀಸಿದರೆ ಅಲುಗಿಯಾವು ಎಂಬಷ್ಟು ನವುರು. ಮಳೆಯ ಹನಿ ಮೂಗಿನ ತುದಿಯಿಂದ ಬಿದ್ದರೆ ಎರಡು ಪಾದಗಳ ನಡುವೆಯೇ ಬೀಳುತ್ತದೆಂದು ಊರಿನವರು ಹೇಳುತ್ತಾರೆ. ಜನ ಇದನ್ನು ಧಾತುಸೇನನ ಕಾಲದ್ದೆಂದು ನಂಬುತ್ತಾರೆ. ಇನ್ನೂ ಕೆಲವು ಶತಮಾನ ಈಚಿನದೆಂದು ಹೇಳುವ ವಿದ್ವಾಂಸರೂ ಇದ್ದಾರೆ.

ಅಲ್ಲಿಂದ ಪಶ್ಚಿಮಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ದೂರದ ಸಸ್ಸೇರುವದಲ್ಲಿ ಅಂಥದೇ ಇನ್ನೊಬ್ಬ ಬುದ್ಧನುಂಟು. ಆದರೆ ಆ ವಿಗ್ರಹ ಪೂರ್ಣವಾಗಿಲ್ಲ. ಅವುಕನದ್ದು ಗುರುವಿನ ಕೆಲಸ, ಇದು ಶಿಷ್ಯನದು. ಇಬ್ಬರಿಗೂ ಪಂದ್ಯ ಬಿದ್ದಿತ್ತು. ಗುರು ಮೊದಲು ಮುಗಿಸಿ ಗಂಟೆ ಬಾರಿಸಿದ್ದನ್ನು ಕೇಳಿ ಶಿಷ್ಯ ಉಳಿಯನ್ನು ಕೆಳಗಿಟ್ಟನೆಂದು ಐತಿಹ್ಯ. ಕಲ್ಲಿನ ಮೈಯಲ್ಲಿ ಬಿರುಕು ಬಿಟ್ಟದ್ದರಿಂದ ನಿಲ್ಲಿಸಿದರೆಂಬ ಮಾತೂ ಇದೆ. ಸೋತವನ ಬುದ್ಧನನ್ನು ನೋಡಲು ಬರುವವರು ಕಡಿಮೆ. ಗೆದ್ದವನ ಬುದ್ಧನಿಗಿಂತ ಅವನ ಮುಖ ಹೆಚ್ಚು ಒರಟು, ಹೆಚ್ಚು ಮನುಷ್ಯಸಹಜ. ಬಳಸುದಾರಿಯ ಶ್ರಮವನ್ನು ಅದು ಮರೆಸುತ್ತದೆ.

ಮರಳಿ ಕೆರೆಗೆ ಬಂದು ಜಯಗಂಗೆಯ ದಂಡೆಯನ್ನು ಹಿಡಿದರೆ ಪ್ರಯಾಣದ ನಿಜವಾದ ಸೊಗಸು ತೊಡಗುತ್ತದೆ. ಹೆಸರಿಗೆ ಗಂಗೆ, ವಾಸ್ತವದಲ್ಲಿ ಕೈಯಿಂದ ತೋಡಿದ ಕಾಲುವೆ. ‘ಯೋಧ ಎಲ’, ಎಂದರೆ ದೈತ್ಯ ಕಾಲುವೆ, ಎಂದೂ ಕರೆಯುವುದುಂಟು. ಮೊದಲ 27 ಕಿಲೋಮೀಟರುಗಳಲ್ಲಿ ಅದರ ಇಳಿಜಾರು ಕಿಲೋಮೀಟರಿಗೆ 10 ಸೆಂಟಿಮೀಟರ್ ಮಾತ್ರ, ಒಂದು ಗೇಣಿಗಿಂತಲೂ ಕಡಿಮೆ! ಸೈಕಲ್ ತುಳಿಯುವ ಕಾಲಿಗೆ ಇದು ಇಳಿಜಾರೆಂದು ಗೊತ್ತೇ ಆಗುವುದಿಲ್ಲ. ನೀರಿಗೆ ಮಾತ್ರ ಗೊತ್ತಾಗುತ್ತದೆ. ಹದಿನೈದು ಶತಮಾನಗಳ ಹಿಂದೆ ಯಾವ ಉಪಕರಣದಿಂದ ಈ ಮಟ್ಟವನ್ನು ಹಿಡಿದರೋ!

ಕಾಲುವೆಯನ್ನು ನೇರವಾಗಿ ತೋಡಿಲ್ಲ. ನೆಲದ ಏರುತಗ್ಗುಗಳನ್ನು ಅನುಸರಿಸಿ ಹಾವಿನಂತೆ ಬಳುಕುತ್ತದೆ. ಪುರಾತನ ರಚನೆಯಲ್ಲಿ ಅದಕ್ಕೆ ಇಳಿಮಗ್ಗುಲಲ್ಲಿ ಮಾತ್ರ ದಂಡೆ. ಮೇಲಿನ ಮಗ್ಗುಲು ಬಯಲು. ಮಳೆಗಾಲದಲ್ಲಿ ಮೇಲಿನಿಂದ ಹರಿದುಬರುವ ನೀರನ್ನೂ ಕಾಲುವೆ ಸೇರಿಸಿಕೊಳ್ಳುತ್ತದೆ. ತಗ್ಗು ಸಿಕ್ಕಿದಲ್ಲಿ ಹೊಂಡವಾಗಿ ಹರಡಿಕೊಳ್ಳುತ್ತದೆ. ಹೊಂಡಗಳಲ್ಲಿ ಎಮ್ಮೆಗಳು, ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿಗಳು. ದಂಡೆಯುದ್ದಕ್ಕೂ ಅಲ್ಲಲ್ಲಿ ಕುಂಬುಕ್ ಮರಗಳು; ಕನ್ನಡದಲ್ಲಿ ಹೊಳೆಮತ್ತಿ. ಅವುಗಳ ನೆರಳು ನೀರಿನ ಮೇಲೂ ಹಾದಿಯ ಮೇಲೂ ಒಂದೇ ಸಮನೆ ಬೀಳುತ್ತದೆ.

ಜಯಗಂಗೆ ದಾರಿಯುದ್ದಕ್ಕೂ ಹಳ್ಳಿಯ ಸಣ್ಣ ಕೆರೆಗಳಿಗೆ ನೀರೆರೆಯುತ್ತ ಹೋಗುತ್ತದೆ. ಒಂದರ ಕೆಳಗೊಂದು ಸರಪಳಿಯಂತೆ ಹೆಣೆದ ಇಂಥ ಕೆರೆಗಳು ಈ ಒಣನಾಡಿನಲ್ಲಿ ಸಾವಿರಾರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2017ರಲ್ಲಿ ಈ ವ್ಯವಸ್ಥೆಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕೆರೆಯ ಹಿಂದೆ ಹೂಳನ್ನೂ ಗಾಳಿಯನ್ನೂ ತಡೆಯುವ ಮರಗಳ ಸಾಲು, ಏರಿಯ ಕೆಳಗೆ, ಸೋರಿದ ನೀರಿನ ಉಪ್ಪನ್ನು ಹೀರಿಕೊಳ್ಳಲೆಂದು ಬಿಟ್ಟ ಗಿಡಗಂಟಿಗಳ ಪಟ್ಟಿ, ಆಮೇಲೆ ಗದ್ದೆ. ದೊಡ್ಡ ಕೆರೆಗಳ ತೂಬಿನ ಬಳಿ ‘ಬಿಸೋಕೊಟುವ’ ಎಂಬ ಚೌಕಾಕಾರದ ಕಲ್ಲುಬಾವಿಯಿರುತ್ತದೆ. ನೀರಿನ ಒತ್ತಡ ಏರಿಯನ್ನು ಒಡೆಯದಂತೆ ತಗ್ಗಿಸಿ ಹೊರಬಿಡುವ ಯುಕ್ತಿಯಿದು. ಈಗಿನ ಅಣೆಕಟ್ಟುಗಳ ಕವಾಟಗೋಪುರಕ್ಕೆ ಇದೇ ಪೂರ್ವಜನೆಂದು ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ನೀರಾವರಿ ಎಂಜಿನಿಯರ್ ಗುರುತಿಸಿದ.

ಕಲ್ಲಿನ ಯುಕ್ತಿಗಿಂತ ಮನುಷ್ಯರ ಯುಕ್ತಿ ದೊಡ್ಡದು. ಮಳೆ ಕೈಕೊಟ್ಟು ಕೆರೆ ಅರ್ಧಕ್ಕೆ ನಿಂತ ವರ್ಷ, ಏರಿಗೆ ಹತ್ತಿರದ ಗದ್ದೆಗಳನ್ನು ಮಾತ್ರ ಬಿತ್ತುವುದು. ಆ ಗದ್ದೆಗಳನ್ನು ಊರಿನ ಹಿಡುವಳಿದಾರರೆಲ್ಲ ತಮ್ಮ ತಮ್ಮ ಪಾಲಿನ ಪ್ರಮಾಣಕ್ಕೆ ತಕ್ಕಂತೆ ಆ ಬೆಳೆಯ ಮಟ್ಟಿಗೆ ಹಂಚಿಕೊಳ್ಳುವುದು. ಇದಕ್ಕೆ ‘ಬೆತ್ಮ’ ಎಂದು ಹೆಸರು. ತಲೆಗಟ್ಟಿನ ಗದ್ದೆಯವನು ಅಂದು ತನ್ನ ನೆಲವನ್ನು ಕೊನೆಯ ಗದ್ದೆಯವನಿಗೆ ಬಿಟ್ಟುಕೊಡಬೇಕು. ಕರ್ನಾಟಕದ ಯಾವ ಕೆರೆಬಯಲಿನ ರೈತನನ್ನು ಕೇಳಿದರೂ ಇದು ಎಷ್ಟು ಕಷ್ಟದ ಮಾತೆಂದು ಹೇಳಿಯಾನು.

ಸವಾರ ಮರೆಯಬಾರದ ಸಂಗತಿ ಇನ್ನೊಂದಿದೆ. ಇದು ಆನೆಗಳ ನಾಡು. ಬೇಸಗೆಯಲ್ಲಿ ಕಲಾವೆವದ ನೀರು ಹಿಂಜರಿದು ಹುಲ್ಲು ಚಿಗುರಿದಾಗ ಹಿಂಡುಹಿಂಡಾಗಿ ಬರುತ್ತವೆ. ದಂತವುಳ್ಳ ಗಂಡಾನೆಗಳಿಗೆ ಈ ಪ್ರದೇಶ ಪ್ರಸಿದ್ಧ. ನೋಡುವ ಪ್ರವಾಸಿಗೆ ಅದು ಹಬ್ಬ. ಗದ್ದೆಯ ಬದಿಯ ಮರದಟ್ಟಣೆಯ ಮೇಲೆ ರಾತ್ರಿಯಿಡೀ ನಿದ್ದೆಗೆಟ್ಟು ಕಾವಲಿರುವ ರೈತನಿಗೆ ಹಾಗಲ್ಲ. ಪ್ರತಿ ವರ್ಷವೂ ಈ ದ್ವೀಪದಲ್ಲಿ ಮನುಷ್ಯರೂ ಆನೆಗಳೂ ಈ ಜಗಳದಲ್ಲಿ ಸಾಯುತ್ತಾರೆ. ನಸುಕಿನಲ್ಲಿಯೂ ಸಂಜೆ ಕವಿದ ಮೇಲೂ ದಂಡೆಯ ಹಾದಿಯಲ್ಲಿ ಸೈಕಲ್ ತುಳಿಯಕೂಡದು. ಹಾದಿಯಲ್ಲಿ ಲದ್ದಿ ಹಸಿಯಾಗಿದ್ದರೆ ಹಳ್ಳಿಯವರನ್ನು ವಿಚಾರಿಸಿಯೇ ಮುಂದುವರಿಯುವುದು ಲೇಸು. ಅವರು ನಿಲ್ಲೆಂದರೆ ನಿಲ್ಲಬೇಕು.

ಜಯಗಂಗೆ ಕೊನೆಗೆ ಅನುರಾಧಪುರದ ತಿಸ್ಸವೆವಕ್ಕೆ ಸೇರುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ದೇವಾನಾಂಪಿಯ ತಿಸ್ಸ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿನೊಡನೆ ಕೆತ್ತಿರುವ ಬಿರುದೇ ಈ ದೊರೆಯ ಹೆಸರಿನ ಮುಂದೆಯೂ ಇದೆ. ಆ ಅಶೋಕನ ಮಗ ಮಹಿಂದನಿಂದಲೇ ತಿಸ್ಸ ಬೌದ್ಧಧರ್ಮವನ್ನು ಸ್ವೀಕರಿಸಿದನೆಂದು ಪ್ರತೀತಿ. ಏರಿಯ ಕೆಳಗೆ ರನ್ಮಸು ಉಯನವೆಂಬ ರಾಜೋದ್ಯಾನದ ಕಲ್ಲುಕೊಳಗಳು. ಅವಕ್ಕೆ ನೀರು ಈ ಕೆರೆಯದೇ. ದೂರದಲ್ಲಿ ಮರಗಳ ಮೇಲೆ ಸ್ತೂಪಗಳ ತಲೆಗಳು.

ಸಂಜೆ ಊರಿನವರು ಸೋಪಿನ ಪೆಟ್ಟಿಗೆ, ಒಗೆಯುವ ಬಟ್ಟೆ, ಮಕ್ಕಳುಮರಿಗಳೊಂದಿಗೆ ತಿಸ್ಸವೆವಕ್ಕೆ ಇಳಿಯುತ್ತಾರೆ. ಮೈತುಂಬ ಕೆಂಧೂಳಿ ಮೆತ್ತಿಕೊಂಡ ಸವಾರ ಸೈಕಲ್ಲನ್ನು ಏರಿಯ ಹುಲ್ಲಿನ ಮೇಲೆ ಮಲಗಿಸಿ ಅವರ ನಡುವೆ ಒಂದು ಕಲ್ಲು ಹುಡುಕಿಕೊಂಡು ಕೂರುತ್ತಾನೆ. ಬೊಗಸೆಯಲ್ಲಿ ಎತ್ತಿದ ನೀರು ಅವನೊಡನೆ ಅದೇ ಬಳಸುದಾರಿಯಲ್ಲಿ ಬಂದದ್ದು.