ಅಳತೆಗೆ ಒಗ್ಗದ ಕೋವಿ

ಅಳತೆಗೆ ಒಗ್ಗದ ಅಂಗಿ ತೊಟ್ಟವನನ್ನು ಕಂಡು ನಾಲ್ಕು ಜನ ನಕ್ಕಾರು, ಅಲ್ಲಿಗೆ ಮುಗಿಯಿತು. ಕೋವಿಯ ವಿಷಯ ಹಾಗಲ್ಲ. ಬಟ್ ಉದ್ದವಾದರೆ ಅದು ಭುಜದ ಕುಳಿಯಲ್ಲಿ ಕೂರದೆ ತೋಳಿನತ್ತ ಜಾರುತ್ತದೆ. ಬೆರಳು ಟ್ರಿಗರನ್ನು ಮುಟ್ಟಲು ಹೆಣಗುತ್ತದೆ. ಪಟ್ಟಿ ಸಡಿಲವಾದರೆ ಎಡಗೈಗೆ ಆಸರೆಯಿಲ್ಲ. .22 ರೈಫಲನ್ನು ಆಟಿಕೆಯೆಂದು ಬಗೆಯುವವರುಂಟು. ಅದರ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು.

ಎನ್.ಸಿ.ಸಿ. ಹೊಣೆ ಹೊತ್ತಿದ್ದ ದಿನಗಳಲ್ಲಿ ಒಂದು ಆಯ್ಕೆ ಸ್ಪರ್ಧೆ. ಒಂದೇ ರೈಫಲ್ ಹಲವರ ಕೈಗೆ ಹೋಗಬೇಕು. ಎತ್ತರದ ಹುಡುಗನೊಬ್ಬ ತನಗೆ ಬೇಕಾದಂತೆ ಪಟ್ಟಿಯನ್ನು ಉದ್ದ ಮಾಡಿಕೊಂಡಿದ್ದ. ಅವನ ಬಳಿಕ ಮಲಗಿದವಳು ಒಂಬತ್ತನೆಯ ತರಗತಿಯ ಪುಟ್ಟ ಹುಡುಗಿ. ಮೂರನೆಯ ಗುಂಡಿನ ಹೊತ್ತಿಗೆ ಪಟ್ಟಿ ತೋಳಿನಿಂದ ಕಳಚಿತು. ಆಕೆ "ಸಾರ್" ಎನ್ನುತ್ತ ನನ್ನತ್ತ ಹೊರಳತೊಡಗಿದಳು. ಮಕ್ಕಳಿಗೆ ಅದು ಸಹಜ. ಆದರೆ ಮೈ ಹೊರಳಿದತ್ತ ನಳಿಗೆಯೂ ಹೊರಳುತ್ತದೆ.

"ಎಲ್ಲರೂ ನಿಲ್ಲಿಸಿ" ಎಂದೆ. ರೈಫಲನ್ನು ಕಸಿದುಕೊಳ್ಳಲಿಲ್ಲ, ಕಸಿಯುವಾಗಲೇ ಬೆರಳು ಟ್ರಿಗರಿಗೆ ಸಿಕ್ಕೀತು. ಪಕ್ಕದಲ್ಲಿ ಮಂಡಿಯೂರಿ, ನಳಿಗೆ ಗುರಿಯತ್ತಲೇ ಇರುವಂತೆ ಕೈ ಆನಿಸಿ, ಬೆರಳು ತೆಗೆಯಲು ಹೇಳಿದೆ. ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಒಳಗೆ ತೋಟೆಯಿಲ್ಲವೆಂದು ಇಬ್ಬರೂ ನೋಡಿದ ಮೇಲೆಯೇ ಪಟ್ಟಿಗೆ ಕೈ ಹಾಕಿದ್ದು.

ಆಕೆಯ ಏಕಾಗ್ರತೆ ಕದಡಿತ್ತು. ಉಳಿದೆರಡು ಗುಂಡುಗಳು ದೂರ ಸಿಡಿದವು. ತಂಡದಲ್ಲಿ ಸ್ಥಾನ ತಪ್ಪಿತು. "ಹಾಗೇ ಬಿಟ್ಟಿದ್ದರೆ ಹೊಡೆಯುತ್ತಿದ್ದೆ ಸಾರ್" ಎಂದು ಅತ್ತಳು. ಇದ್ದರೂ ಇರಬಹುದು. ಆ ಕಣ್ಣೀರು ನನಗಿಂದಿಗೂ ನೋವು ತರುತ್ತದೆ. ಅದೇ ಸನ್ನಿವೇಶ ಮತ್ತೆ ಬಂದರೂ ನಿಲ್ಲಿಸುತ್ತೇನೆ. ಸ್ಪರ್ಧೆ ಇನ್ನೊಂದು ವರ್ಷವೂ ಬಂದೀತು.

ಕೊಡಗಿನಲ್ಲಿರುವ ನನ್ನ ಶಿಷ್ಯರಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ನೀವು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತೀರಿ. ಅಜ್ಜನ ಕೋವಿ ಮೊಮ್ಮಗನ ಕೈಗೆ ಬರುವುದು ಹೆಮ್ಮೆಯ ಸಂಗತಿಯೇ. ಆದರೆ ಅಜ್ಜನ ಭುಜದ ಅಳತೆ ಮೊಮ್ಮಗನದಲ್ಲ. ತೋಟೆ ತುಂಬುವ ಮೊದಲು, ಖಾಲಿ ಕೋವಿಯ ಬಟ್ಟನ್ನು ಅವನ ಮೊಣಕೈ ಮಡಿಕೆಗೆ ಆನಿಸಿ, ಬೆರಳು ಟ್ರಿಗರನ್ನು ಸರಾಗವಾಗಿ ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟದಿದ್ದರೆ ಬೇರೆ ಕೋವಿ ಕೊಡಿ. ಸಾಲಿನಲ್ಲಿ ನಿಂತ ಮೇಲೆ ತೊಡಕು ಕಂಡರೆ ಮೊದಲು ಕೋವಿ ಖಾಲಿಯಾಗಲಿ, ಸರಿಪಡಿಸುವುದು ಆಮೇಲೆ. ಹುಡುಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.