ನಡುಗಡಲಿನ ಕೂಗಿಗೊಂದು ಕಿವಿ

ರಾತ್ರಿ ಊಟವಾದ ಮೇಲೆ ಭೂಪಟ ತೆರೆದಿಟ್ಟುಕೊಂಡು ವಿಮಾನಗಳ ಜಾಡು ಹಿಡಿಯುವುದು ನನಗೆ ಬಲು ಪ್ರಿಯವಾದ ಕೆಲಸ. ಅದರಲ್ಲೂ ನೆಲ ಮುಗಿದು ನೀರು ಶುರುವಾಗುವ ಕಡೆ ಕಣ್ಣು ತಾನಾಗಿ ನೆಡುತ್ತದೆ. ಐರ್ಲೆಂಡಿನ ದಂಡೆ ದಾಟಿ ನ್ಯೂಫೌಂಡ್‌ಲ್ಯಾಂಡಿನತ್ತ ಸಾಲುಗಟ್ಟಿ ಹೊರಟವನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು.

ವಿಮಾನವೊಂದು ತಾನಿರುವ ಜಾಗವನ್ನು ಜಿಪಿಎಸ್‌ನಿಂದ ಅರಿತು, 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಡಂಗುರ ಸಾರಿದಂತೆ ಸಾರುತ್ತ ಹೋಗುತ್ತದೆ. ಇದೇ ಎಡಿಎಸ್-ಬಿ. ಇದರಲ್ಲಿ ಗುಟ್ಟೇನಿಲ್ಲ. ತಾರಸಿಯ ಮೇಲೊಂದು ಆಂಟೆನಾ, ಪುಟ್ಟದೊಂದು ರಿಸೀವರ್ ಇದ್ದರೆ ಮುನ್ನೂರು ಕಿಲೋಮೀಟರ್ ಆಚೆಯದೂ ಸಿಕ್ಕೀತು. ಇನ್ನೂ ದೂರ ಹೋದರೆ ಭೂಮಿಯ ಬಾಗು ಅಡ್ಡ ಬರುತ್ತದೆ. ನಡು ಅಟ್ಲಾಂಟಿಕ್‌ನಲ್ಲಿ ಆಂಟೆನಾ ನೆಡುವವರು ಯಾರು? ಅಲ್ಲಿ ಎಷ್ಟು ಕೂಗಿದರೂ ಕೇಳುವವರಿರಲಿಲ್ಲ. ಹತ್ತು ಡಿಗ್ರಿ ರೇಖಾಂಶಕ್ಕೊಮ್ಮೆ ಪೈಲಟ್‌ಗಳು ಗೊರಗುಟ್ಟುವ ರೇಡಿಯೋದಲ್ಲಿ ತಮ್ಮ ಸ್ಥಾನ ಹೇಳುತ್ತಿದ್ದ ಕಾಲವೊಂದಿತ್ತು.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ವಿಮಾನದ ಬೆನ್ನ ಮೇಲಿನ ಆಂಟೆನಾ. ಹೊಟ್ಟೆಯಡಿಯಲ್ಲಿ ಒಂದಿದ್ದರೆ, ಮೇಲೆ ಹಾರುವವರಿಗೂ ಕೇಳಲೆಂದು ಬೆನ್ನ ಮೇಲೆ ಇನ್ನೊಂದು. ಬಾಹ್ಯಾಕಾಶದವರನ್ನು ನೆನೆದು ಅದನ್ನು ಯಾರೂ ಕೂರಿಸಿದ್ದಲ್ಲ. ಆದರೂ ಅದರ ದನಿ ಅಲ್ಲಿಯವರೆಗೆ ಮುಟ್ಟುತ್ತದೆ! 2013ರಲ್ಲಿ ಯುರೋಪಿನ ಪ್ರೋಬಾ-ವಿ ಉಪಗ್ರಹ ಇದನ್ನು ಆಲಿಸಿ ತೋರಿಸಿತು. 2017ರಿಂದ 2019ರ ಜನವರಿಯವರೆಗೆ ಕಂತುಕಂತಾಗಿ ಮೇಲೇರಿದ ಇರಿಡಿಯಂ ನೆಕ್ಸ್ಟ್ ಉಪಗ್ರಹಗಳು ಏರಿಯಾನ್ ಸಂಸ್ಥೆಯ ರಿಸೀವರ್‌ಗಳನ್ನೂ ಹೊತ್ತೊಯ್ದವು. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಅಂಥ 66 ಉಪಗ್ರಹಗಳು ಭೂಮಿಯನ್ನು ಇಡಿಯಾಗಿ ಆಲಿಸುತ್ತವೆ. 2019ರಲ್ಲಿ ಬ್ರಿಟನ್ ಮತ್ತು ಕೆನಡಾದ ವಾಯುಸಂಚಾರ ನಿಯಂತ್ರಕರು ಅಟ್ಲಾಂಟಿಕ್ ಮೇಲೆ ಇದನ್ನು ಬಳಸತೊಡಗಿದರು. ಹಿಂದುಮುಂದಿನ ವಿಮಾನಗಳ ನಡುವೆ 40 ನಾಟಿಕಲ್ ಮೈಲಿ ಇರಬೇಕಾಗಿದ್ದ ಅಂತರ 14ರವರೆಗೂ ಇಳಿಯಿತು. ಇಂಧನ ಉಳಿಯುವ ಎತ್ತರವನ್ನು ಕೇಳಿದವರಿಗೆ ಅದು ಸಿಗುವುದು ಹೆಚ್ಚಾಯಿತು.

ಧ್ರುವದ ಮಾತು ಇನ್ನೂ ಸೊಗಸು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ, ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದರು. ಸಮಭಾಜಕದ ಮೇಲೆ ನಿಂತ ಭೂಸ್ಥಿರ ಉಪಗ್ರಹಗಳಿಗೆ ಅವರು ಹಾದುಬಂದ ಆ ಧ್ರುವ ಕಾಣುವುದಿಲ್ಲ. ಇರಿಡಿಯಂಗಳಾದರೋ ಪ್ರತಿ ಸುತ್ತಿನಲ್ಲೂ ಧ್ರುವಗಳ ಬಳಿಯಿಂದಲೇ ಹಾಯಬೇಕು. ಹೀಗಾಗಿ ಮನುಷ್ಯರು ತೀರ ವಿರಳವಾದ ಹಿಮದ ಮೇಲೆ ಕೇಳುವ ಕಿವಿಗಳು ಅತಿ ದಟ್ಟ.

2014ರ ಮಾರ್ಚ್ 8ರಂದು ಕಾಣೆಯಾದ ಎಂಎಚ್370 ವಿಮಾನ ನೆನಪಾಗದೆ ಈ ನಕ್ಷೆ ನೋಡಲು ನನಗಾಗುವುದಿಲ್ಲ. ಅದರಲ್ಲಿದ್ದವರು 239 ಜನ. ಜಾಗ ಸಾರುವ ಉಪಕರಣವಾದ ಅದರ ಟ್ರಾನ್ಸ್‌ಪಾಂಡರ್ ಮೌನವಾಗಿತ್ತು. ಇಂದಿನ ಉಪಗ್ರಹಗಳಿದ್ದರೂ ಅವಕ್ಕೆ ಕೇಳಲು ಏನೂ ಇರುತ್ತಿರಲಿಲ್ಲ. ಇನ್‌ಮಾರ್‌ಸ್ಯಾಟ್ ಉಪಗ್ರಹದೊಡನೆ ಅದು ಆಗಾಗ ನಡೆಸಿದ ತಾಂತ್ರಿಕ ಸಂಕೇತ ವಿನಿಮಯ ಮಾತ್ರ ಉಳಿದಿತ್ತು. ಸಂಕೇತ ತಲುಪಲು ಹಿಡಿದ ಹೊತ್ತನ್ನು ಅಳೆದ ಎಂಜಿನಿಯರುಗಳು ಹಿಂದೂ ಮಹಾಸಾಗರದ ಮೇಲೊಂದು ಕಮಾನು ಎಳೆದರು. ಆ ದುರಂತದ ನಂತರ, ಹೊಸದಾಗಿ ಬರುವ ದೊಡ್ಡ ವಿಮಾನಗಳು ಅಪಾಯದಲ್ಲಿದ್ದಾಗ ನಿಮಿಷಕ್ಕೊಮ್ಮೆಯಾದರೂ ತಾವಿರುವ ಜಾಗವನ್ನು ತಾವಾಗಿಯೇ ತಿಳಿಸಬೇಕೆಂಬ ಅಂತಾರಾಷ್ಟ್ರೀಯ ನಿಯಮ ಬಂದಿದೆ. ಹಳೆಯ ವಿಮಾನಗಳಿಗೂ ಅದು ಬರಲಿ ಎಂಬುದು ನನ್ನ ಆಸೆ.